ಮಹಿಳೆಯರಿಗೆ ಮೊದಲ ಸ್ಟ್ರಾಂಗ್‌ಮನ್ ಸ್ಪರ್ಧೆಯ ತಯಾರಿ

ಭಾರವಾದ, ಬೃಹತ್ ವಸ್ತುಗಳನ್ನು ಎತ್ತುವ, ಹೊತ್ತು ನಡೆಯುವ ಸ್ಟ್ರಾಂಗ್‌ಮನ್ ಸ್ಪರ್ಧೆಗೆ ಇಳಿಯಬೇಕೆಂದುಕೊಳ್ಳುವ ಮಹಿಳೆಯರು ಸಾಮಾನ್ಯವಾಗಿ ಮೊದಲು ಕೇಳುವುದು, ತಮ್ಮಲ್ಲಿ ಅಷ್ಟು ಬಲವಿದೆಯೇ ಎಂದು. ಒಂದೆರಡು ವರ್ಷ ಕ್ರಮವಾಗಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು) ಮಾಡಿದವರಿಗೆ ಹೊಸಬರ ವಿಭಾಗದ ತೂಕಗಳು ದೊಡ್ಡ ತೊಡಕಾಗುವುದಿಲ್ಲ. ನಿಜವಾದ ತೊಡಕು ಸಲಕರಣೆಗಳ ಅಳತೆಯಲ್ಲಿದೆ. ಲಾಗ್‌ನ (ಒಳಗೆ ಹಿಡಿಕೆಗಳಿರುವ ದಿಮ್ಮಿಯಾಕಾರದ ಭಾರ) ದಪ್ಪ, ಹಿಡಿಕೆಯ ಸುತ್ತಳತೆ, ಕಲ್ಲಿನ ವ್ಯಾಸ, ಕಲ್ಲನ್ನು ಇಡಬೇಕಾದ ವೇದಿಕೆಯ ಎತ್ತರ, ಇವೆಲ್ಲವೂ ಬಹುಕಾಲ ಗಂಡಸರ ಕೈಗಳನ್ನೂ ಎತ್ತರವನ್ನೂ ಗಮನದಲ್ಲಿಟ್ಟುಕೊಂಡೇ ರೂಪುಗೊಂಡಿವೆ. ಆದ್ದರಿಂದ ನಿಮ್ಮ ತಯಾರಿಯಲ್ಲಿ ಬಲವನ್ನು ಬೆಳೆಸುವಷ್ಟೇ ಪಾಲು, ನಿಮ್ಮ ಮೈಕಟ್ಟಿಗೆ ಹೊಂದದ ವಸ್ತುವನ್ನು ಹಿಡಿಯುವ ಉಪಾಯಕ್ಕೂ ಸಿಗಬೇಕು.

ಸ್ಕಾಟ್‌ಲೆಂಡಿನ ಡಿನ್ನಿ ಕಲ್ಲುಗಳ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. ಕಬ್ಬಿಣದ ಬಳೆಗಳಿರುವ ಈ ಎರಡು ಗ್ರಾನೈಟ್ ಕಲ್ಲುಗಳ ಒಟ್ಟು ತೂಕ ಸುಮಾರು 332 ಕಿಲೋ. ಅಮೆರಿಕದ ಜಾನ್ ಟಾಡ್ 1979ರಲ್ಲಿ ಮಣಿಕಟ್ಟನ್ನು ಹಿಡಿಕೆಗೆ ಬಿಗಿಯುವ ಕೈಪಟ್ಟಿಯ ನೆರವಿನಿಂದ ಅವನ್ನು ನೆಲಬಿಡಿಸಿದ ಮೊದಲ ಮಹಿಳೆಯಾದರು. ಪಟ್ಟಿಯಿಲ್ಲದೆ ಬರಿಗೈಯಲ್ಲಿ ಮಹಿಳೆಯೊಬ್ಬರು, ಸ್ಕಾಟ್‌ಲೆಂಡಿನ ಲೀ ಹಾಲೆಂಡ್-ಕೀನ್, ಅವನ್ನು ಎತ್ತಿದ್ದು 2018ರಲ್ಲಿ. ಬೆನ್ನು ಮತ್ತು ಕಾಲುಗಳ ಬಲದ ಪ್ರಶ್ನೆ 1979ರಲ್ಲಿಯೇ ತೀರಿತ್ತು. ಉಳಿದ ಸುಮಾರು ನಾಲ್ಕು ದಶಕ ಕಾಯಿಸಿದ್ದು ಹಿಡಿತ ಎಂದೇ ನಾನು ಭಾವಿಸುತ್ತೇನೆ.

ಸ್ಪರ್ಧೆಯನ್ನು ಆರಿಸುವಾಗ ಹೊಸಬರ ವಿಭಾಗಕ್ಕೇ ಹೆಸರು ಕೊಡಿ, ಮತ್ತು ಕೆಳಗಿನ ತೂಕದ ವರ್ಗಕ್ಕೆ ಇಳಿಯಲೆಂದು ಮೊದಲ ಬಾರಿಗೇ ಊಟ ನೀರು ಬಿಟ್ಟು ಮೈ ಒಣಗಿಸಬೇಡಿ. ನಿಯಮಾವಳಿ ಕೈಗೆ ಬಂದ ಕೂಡಲೇ ಆಯೋಜಕರಿಗೆ ಪತ್ರ ಬರೆದು ಲಾಗ್‌ನ ವ್ಯಾಸ, ಕಲ್ಲಿನ ವ್ಯಾಸ, ವೇದಿಕೆಯ ಎತ್ತರ, ಯಾವ ಸುತ್ತಿನಲ್ಲಿ ಕೈಪಟ್ಟಿಗೆ ಅನುಮತಿ ಇದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನಿಯಮಾವಳಿಯಲ್ಲಿ ಮುದ್ರಿತವಾದ ತೂಕಕ್ಕಿಂತ ಈ ಅಳತೆಗಳೇ ನಿಮ್ಮ ಅಭ್ಯಾಸವನ್ನು ಹೆಚ್ಚು ನಿರ್ಧರಿಸುತ್ತವೆ.

ಲಾಗ್ ಎತ್ತುವುದರಲ್ಲಿ ಕಷ್ಟವಿರುವುದು ಅದನ್ನು ಎದೆಯ ಮೇಲೆ ತಂದು ನಿಲ್ಲಿಸುವ ಹಂತದಲ್ಲಿ. ಹನ್ನೆರಡು ಇಂಚು ದಪ್ಪದ ಲಾಗ್ ಚಿಕ್ಕ ಮೈಯವರಲ್ಲಿ ಭಾರವನ್ನು ತೀರ ಮುಂದಕ್ಕೆ ತಳ್ಳುತ್ತದೆ. ಎಂಟು ಅಥವಾ ಹತ್ತು ಇಂಚಿನದು ಸಿಕ್ಕರೆ ಅದರಲ್ಲಿಯೇ ಕಲಿಯಿರಿ. ಮೊದಲು ತೊಡೆಯ ಮೇಲೆ ತಂದು ಕೂರಿಸಿ, ಮೊಣಕೈಗಳನ್ನು ಮೇಲೆತ್ತುತ್ತಾ ಹೊಟ್ಟೆಯ ಮೇಲಿಂದ ಉರುಳಿಸಿ, ಸ್ತನಗಳನ್ನು ದಾಟಿಸಿ ಕೊರಳ ಕೆಳಗೆ ನೆಲೆಗೊಳಿಸಬೇಕು. ಸ್ತನದ ಮೇಲೆಯೇ ನಿಲ್ಲಿಸಿದರೆ ನೋವೂ ಆಗುತ್ತದೆ, ತಳ್ಳಲು ಆಧಾರವೂ ಸಿಗುವುದಿಲ್ಲ. ಮುಂಭಾಗದಲ್ಲಿ ಜಿಪ್ ಅಥವಾ ಕೊಕ್ಕೆ ಇರುವ ಸ್ಪೋರ್ಟ್ಸ್ ಬ್ರಾ ತೊಡಬೇಡಿ. ಈ ಸಲಹೆಯನ್ನು ಗಂಡಸು ತರಬೇತುದಾರರು ಸಂಕೋಚದಿಂದಲೋ ಹೊಳೆಯದೆಯೋ ಹೇಳುವುದೇ ಇಲ್ಲ.

ಅಟ್ಲಾಸ್ ಕಲ್ಲಿಗೆ, ಅಂದರೆ ವೇದಿಕೆಯ ಮೇಲೆ ಏರಿಸಬೇಕಾದ ಕಾಂಕ್ರೀಟ್ ಗುಂಡಿಗೆ, ಹೆಚ್ಚು ಸಮಯ ಕೊಡಿ. ಹದಿನಾಲ್ಕು ಇಂಚು ವ್ಯಾಸದ ಕಾಂಕ್ರೀಟ್ ಗುಂಡು ಹೆಚ್ಚುಕಡಿಮೆ 55 ಕಿಲೋ ತೂಗಿದರೆ, ಎರಡೇ ಇಂಚು ಹೆಚ್ಚಿದ ಹದಿನಾರು ಇಂಚಿನದು 80 ಕಿಲೋ ದಾಟುತ್ತದೆ. ಕಲ್ಲನ್ನು ಎರಡು ಪಾದಗಳ ನಡುವೆ ಸೊಂಟದ ನೇರ ಕೆಳಗೆ ಇಟ್ಟುಕೊಂಡು, ಬೆರಳುಗಳನ್ನು ಅಗಲಿಸಿ, ಅಂಗೈಗಳನ್ನು ನಡುರೇಖೆಗಿಂತ ಕೆಳಗೆ ಒತ್ತಿ, ಎದೆಯ ಸ್ನಾಯುಗಳಿಂದ ಎರಡೂ ಕಡೆಯಿಂದ ಅಮುಕಬೇಕು. ತೋಳುಗಳನ್ನು ಮಡಿಸದೆ ನೇರವಾಗಿಟ್ಟೇ ಮಂಡಿಯವರೆಗೆ ಎಳೆಯಬೇಕು, ಏಕೆಂದರೆ ಮಡಿಸಿದ ತೋಳಿನಿಂದ ಎಳೆದರೆ ಬೈಸೆಪ್ಸ್‌ನ ಸ್ನಾಯುರಜ್ಜು ಹರಿಯುವ ಅಪಾಯವಿದೆ. ಮಂಡಿ ದಾಟಿದೊಡನೆ ಅರ್ಧ ಕುಳಿತು ಕಲ್ಲನ್ನು ತೊಡೆಗಳ ಮೇಲೆ ಸೆಳೆದುಕೊಳ್ಳಿ, ಅಲ್ಲಿ ಒಂದು ಉಸಿರು ತೆಗೆದುಕೊಂಡು ತೋಳುಗಳನ್ನು ಕಲ್ಲಿನ ಮೇಲ್ಭಾಗಕ್ಕೆ ಬಳಸಿ ಅಪ್ಪಿಕೊಳ್ಳಿ, ಬಳಿಕ ಸೊಂಟವನ್ನು ರಭಸದಿಂದ ಮುಂದಕ್ಕೆ ನೂಕುತ್ತಾ ಎದ್ದು ನಿಂತು ಎದೆಯ ಮೇಲಿಂದ ಉರುಳಿಸಿ ವೇದಿಕೆಗೆ ದಾಟಿಸಿ. ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲನ್ನು ತೊಡೆಗೆ, ಎದೆಗೆ, ಹೆಗಲಿಗೆ ಏರಿಸುವವರನ್ನು ನೋಡಿದವರಿಗೆ ಈ ಕ್ರಮ ಹೊಸದೆನಿಸದು. ತೋಳು ಚಿಕ್ಕದಿದ್ದವರು ತೊಡೆಯ ಹಂತವನ್ನು ಅವಸರಿಸಲೇಬಾರದು, ಮತ್ತು ಎತ್ತರ ಕಡಿಮೆ ಇದ್ದವರು ಸ್ಪರ್ಧೆಯ ವೇದಿಕೆಯಷ್ಟೇ ಎತ್ತರಕ್ಕೆ ಅಭ್ಯಾಸ ಮಾಡಬೇಕು. ಗಂಡಸಿನ ಹೊಟ್ಟೆಯ ಮಟ್ಟ ನಿಮಗೆ ಎದೆಯ ಮಟ್ಟವಾಗಿರಬಹುದು. ಕಲ್ಲು ಸಿಗದ ಊರಿನಲ್ಲಿ ದಪ್ಪ ಚೀಲವನ್ನು ಇಮ್ಮಡಿಯಾಗಿ ಹೊಲಿದು ಮರಳು ತುಂಬಿಸಿಕೊಳ್ಳಿ, ಅದು ಇನ್ನೂ ಹಟಮಾರಿ.

ಎರಡೂ ಕೈಗಳಲ್ಲಿ ಭಾರ ಹಿಡಿದು ನಡೆಯುವ ಫಾರ್ಮರ್ಸ್ ವಾಕ್‌ನಲ್ಲಿ ಸಾಮಾನ್ಯವಾಗಿ ಕೈಪಟ್ಟಿಗೆ ಅವಕಾಶವಿರುವುದಿಲ್ಲ. ಸುಮಾರು ಐವತ್ತು ಮಿಲಿಮೀಟರ್ ದಪ್ಪದ, ಆಕ್ಸಲ್ ಬಾರ್ ಎಂಬ ಎತ್ತುವ ಸರಳು ಚಿಕ್ಕ ಅಂಗೈಯಲ್ಲಿ ಹೆಬ್ಬೆರಳು ಬೆರಳುಗಳನ್ನು ಮುಟ್ಟಲೂ ಬಿಡುವುದಿಲ್ಲ. ಆದ್ದರಿಂದ ಪ್ರತಿ ವ್ಯಾಯಾಮದ ಕೊನೆಗೆ ಭಾರವಾದ ಹಿಡಿಕೆಗಳನ್ನು ಹಿಡಿದು ಇಪ್ಪತ್ತು ಮೂವತ್ತು ಸೆಕೆಂಡ್ ನಿಲ್ಲುವುದನ್ನು ರೂಢಿಸಿಕೊಳ್ಳಿ. ಹೆಗಲ ಮೇಲೆ ಹೊತ್ತು ನಡೆಯುವ ಚೌಕಟ್ಟಾದ ಯೋಕ್‌ಗೆ ಇಷ್ಟೊಂದು ಸೂಕ್ಷ್ಮಗಳಿಲ್ಲ: ಅಡ್ಡಪಟ್ಟಿಯನ್ನು ನಿಮ್ಮ ಎತ್ತರಕ್ಕೆ ಸರಿಯಾದ ತೂತಿಗೆ ಇಳಿಸಿ, ಹೆಜ್ಜೆಗಳನ್ನು ಚಿಕ್ಕದಾಗಿ ಬೇಗಬೇಗ ಇಡಿ.

ವಾರದ ಕ್ರಮದಲ್ಲಿ ಎರಡು ದಿನ ಬಾರ್ಬೆಲ್ ವ್ಯಾಯಾಮಗಳಿಗೂ ಒಂದು ದಿನ ಸಲಕರಣೆಗಳಿಗೂ ಮೀಸಲಿಟ್ಟರೆ, ಹನ್ನೆರಡು ವಾರದಲ್ಲಿ ಹೊಸಬರ ಸ್ಪರ್ಧೆಗೆ ಸಿದ್ಧರಾಗಬಹುದು. ಕೊನೆಯ ಹತ್ತು ದಿನ ಭಾರವಾದ ಕಲ್ಲನ್ನೂ ಡೆಡ್‌ಲಿಫ್ಟನ್ನೂ ಬಿಟ್ಟುಬಿಡಿ.

ದೇಹದ ವಿಷಯದಲ್ಲಿ ಮುಚ್ಚಿಡಬಾರದ ಎರಡು ಸಂಗತಿಗಳಿವೆ. ಭಾರ ಎತ್ತುವಾಗ ಮೂತ್ರ ಸೋರುವುದು ಅನೇಕ ಕ್ರೀಡಾಪಟುಗಳಲ್ಲಿ, ಅದರಲ್ಲೂ ಹೆರಿಗೆಯಾದವರಲ್ಲಿ, ಕಂಡುಬರುತ್ತದೆ. ಹೊಟ್ಟೆಯೊಳಗಿನ ಒತ್ತಡವನ್ನು ಕಿಬ್ಬೊಟ್ಟೆಯ ತಳದ ಸ್ನಾಯುಗಳು ತಾಳದಿರುವುದು ಅದಕ್ಕೆ ಕಾರಣ. ಪ್ಯಾಡ್ ಇಟ್ಟುಕೊಂಡು ಸುಮ್ಮನಾಗುವ ಬದಲು ಈ ಸ್ನಾಯುಗಳ ವಿಷಯ ತಿಳಿದ ಫಿಸಿಯೋಥೆರಪಿಸ್ಟರನ್ನು ಕಂಡರೆ ಉಸಿರು ಹಿಡಿಯುವ ಕ್ರಮವನ್ನು ತಿದ್ದಿಕೊಳ್ಳಬಹುದು. ಎರಡನೆಯದು ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ಅದು ಇದೆ. ಎರಡನೆಯ ಸುತ್ತಿಗೇ ದಮ್ಮು ಕಟ್ಟುತ್ತಿದ್ದರೆ ಅಭ್ಯಾಸ ಸಾಲದೆಂದು ತೀರ್ಮಾನಿಸುವ ಮುನ್ನ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಸಂಗ್ರಹವಿರುವ ಕಬ್ಬಿಣದ ಸೂಚಕ) ಪರೀಕ್ಷೆ ಮಾಡಿಸಿ. ಸ್ಪರ್ಧೆಯ ದಿನವೇ ಮುಟ್ಟಾದರೆ ಹಿಂದೆಗೆಯಬೇಕಿಲ್ಲ, ಕಪ್ಪು ಬಣ್ಣದ ಚಡ್ಡಿಯೊಂದನ್ನು ಹೆಚ್ಚಿಗೆ ಇಟ್ಟುಕೊಂಡರಾಯಿತು.

ಸ್ಪರ್ಧೆಯ ದಿನ ಲಾಗ್ ಅನ್ನು ಮೇಲೆ ತಳ್ಳಿದ ಮೇಲೆ ಮೊಣಕೈ ನೆಟ್ಟಗಾಗಿ, ಪಾದಗಳು ಒಂದೇ ಸಾಲಿಗೆ ಬಂದು, ತೀರ್ಪುಗಾರರು ‘ಡೌನ್’ ಎನ್ನುವ ತನಕ ಕಾಯಿರಿ. ಹೊಸಬರು ಹೆಚ್ಚಾಗಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಕಲ್ಲಿನ ಸುತ್ತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದಕ್ಕೆ ಮುಂಗೈಗೆ ಹಚ್ಚುವ ಟ್ಯಾಕಿ ಎಂಬ ಅಂಟು ರಾಳದಿಂದ ಮಾಡಿದ್ದಾದ್ದರಿಂದ ನೀರಿಗೆ ಜಗ್ಗುವುದಿಲ್ಲ. ಹಚ್ಚುವ ಮೊದಲೇ ಕೂದಲನ್ನು ಬಿಗಿಯಾಗಿ ಜಡೆ ಹೆಣೆದು ಮೇಲಕ್ಕೆ ಕಟ್ಟಿಕೊಳ್ಳಿ, ಮುಗಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಸುರಿದು ಹಳೆಯ ಬಟ್ಟೆಯಿಂದ ಉಜ್ಜಿ ತೆಗೆದು, ಆಮೇಲಷ್ಟೇ ಸೋಪು ಹಚ್ಚಿ.