ಎಲ್ಲರೂ ಬೇಡ ಅನ್ನುತ್ತಾರೆ, ಎಲ್ಲರೂ ಅದನ್ನೇ ಮಾಡುತ್ತಾರೆ: ಇದನ್ನು ಕಾಗದದ ಮೇಲೆ ಬಿಡಿಸೋದು ಹೇಗೆ?

ಕಾರವಾರದಿಂದ ಭಟ್ಕಳದವರೆಗೆ ಯಾವ ಬಂದರಿನಲ್ಲಿ ಬೇಕಾದರೂ ಕೇಳಿ ನೋಡಿ, ಮರಿಮೀನು ಹಿಡಿಯಬಾರದು ಅಂತಲೇ ಹೇಳುತ್ತಾರೆ. ಆದರೂ ಬುಟ್ಟಿಯಲ್ಲಿ ಮರಿಮೀನು ಇರುತ್ತದೆ. ಘಟ್ಟ ಹತ್ತಿ ಶಿರಸಿ ಕಡೆ ಬನ್ನಿ. ಅಡಿಕೆ ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ, ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತಂದರೆ ನೆಲದ ಮೇಲೆ ನಿಂತೇ ಅಡಿಕೆ ಕೊನೆ ಕೊಯ್ಯಬಹುದು ಅಂತ ಕೇರಿಗೆ ಕೇರಿಯೇ ಒಪ್ಪುತ್ತದೆ, ಆದರೆ ಎಷ್ಟೋ ಕೇರಿಗಳಲ್ಲಿ ತಂದವರು ಒಂದೆರಡು ಮನೆಯವರು ಮಾತ್ರ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾಯಿಲೆ ಅನ್ನಿಸುತ್ತದೆ. ನಾನು ಹೋದ ಒಂದು ಸಭೆಯಲ್ಲಿ ವೇದಿಕೆ ಮೇಲಿದ್ದವರು ಎರಡಕ್ಕೂ ಒಂದೇ ಔಷಧಿ ಹೇಳಿದರು: ಜನರಲ್ಲಿ ಜಾಗೃತಿ ಇಲ್ಲ, ಜಾಗೃತಿ ಮೂಡಿಸಬೇಕು. ನನಗೆ ಸಿಟ್ಟು ಬಂತು. ಮನೆಗೆ ಬಂದು ನೋಟ್‌ಬುಕ್ ತೆಗೆದು ಚೌಕ ಹಾಕಿದೆ. ಇವು ಎರಡು ಬೇರೆ ಬೇರೆ ಕಾಯಿಲೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದು ಯಾವುದು ಅಂತ ಗುರುತಿಸುವ ವಿಧಾನ ಕೆಳಗಿದೆ. ಪಿಯುಸಿ ಗಣಿತವೂ ಬೇಡ, ಕೂಡಿಸಿ ಕಳೆಯಲು ಬಂದರೆ ಸಾಕು.

ಮೊದಲು ಚೌಕ ಹಾಕಿ

ಎರಡು ಬೋಟು ಅಂದುಕೊಳ್ಳಿ. ಇಬ್ಬರಿಗೂ ಎರಡೇ ದಾರಿ: ಮರಿಮೀನು ತಪ್ಪಿಸಿಕೊಳ್ಳುವ ದೊಡ್ಡ ಕಣ್ಣಿನ ಬಲೆ ಅಥವಾ ಮರಿಮೀನೂ ಸಿಕ್ಕಿಬೀಳುವ ಸಣ್ಣ ಕಣ್ಣಿನ ಬಲೆ. ಎರಡು ಅಡ್ಡ ಸಾಲು ನಿಮಗೆ, ಎರಡು ಉದ್ದ ಸಾಲು ಅವನಿಗೆ, ಒಟ್ಟು ನಾಲ್ಕು ಚೌಕ. ಪ್ರತಿ ಚೌಕದಲ್ಲೂ ಮೊದಲು ನಿಮಗೆ ಸಿಗೋದು, ಆಮೇಲೆ ಅವನಿಗೆ ಸಿಗೋದು ಬರೆಯಿರಿ. ನಾನು ಸುಮ್ನೆ ಲೆಕ್ಕಕ್ಕೆ ಹಾಕಿಕೊಂಡ ಅಂಕೆ ಇವು: ಇಬ್ಬರೂ ದೊಡ್ಡ ಕಣ್ಣು ಬಳಸಿದರೆ ತಲಾ 6. ಒಬ್ಬ ದೊಡ್ಡದು, ಇನ್ನೊಬ್ಬ ಸಣ್ಣದು ಬಳಸಿದರೆ ಸಣ್ಣದರವನಿಗೆ 8, ದೊಡ್ಡದರವನಿಗೆ 3. ಇಬ್ಬರೂ ಸಣ್ಣ ಕಣ್ಣು ಬಳಸಿದರೆ ತಲಾ 4.

ಅಂಕೆ ಹಾಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಅವರಿಗೆ ಏನು ಮುಖ್ಯವಾಗಬೇಕು ಅಂತ ನಮಗೆ ಅನ್ನಿಸುತ್ತದೋ ಅದನ್ನು ಬರೆದುಬಿಡುತ್ತೇವೆ. ಅದು ಬೇಡ. ಅವರಿಗೆ ನಿಜವಾಗಿ ಏನು ಮುಖ್ಯವೋ ಅದನ್ನು ಬರೆಯಬೇಕು. ಡೀಸೆಲ್ ಖರ್ಚು, ಬೋಟಿನ ಸಾಲದ ಕಂತು, ಖಾಲಿ ಕೈಯಲ್ಲಿ ಬಂದರೆ ದಕ್ಕೆಯಲ್ಲಿ ಆಗುವ ಮರ್ಯಾದೆಯ ಪ್ರಶ್ನೆ, ಎಲ್ಲವೂ ಆ ಅಂಕೆಯೊಳಗೆ ಬರಬೇಕು. ಅಂಕೆ ಎಷ್ಟು ಅನ್ನೋದು ಅಷ್ಟು ಮುಖ್ಯ ಅಲ್ಲ, ಯಾವುದು ಯಾವುದಕ್ಕಿಂತ ಜಾಸ್ತಿ ಅನ್ನೋದು ಸರಿ ಇದ್ದರೆ ಸದ್ಯಕ್ಕೆ ಸಾಕು.

ಈಗ ಕೈಯಿಂದ ಅರ್ಧ ಮುಚ್ಚಿ. ಅವನು ದೊಡ್ಡ ಕಣ್ಣು ಬಳಸುತ್ತಾನೆ ಅಂತಿಟ್ಟುಕೊಂಡು ನೋಡಿದರೆ ನಿಮಗೆ 6 ಅಥವಾ 8. 8ರ ಕೆಳಗೆ ಗೆರೆ ಎಳೆಯಿರಿ. ಇನ್ನರ್ಧ ನೋಡಿ: ಅವನು ಸಣ್ಣ ಕಣ್ಣು ಬಳಸಿದರೆ ನಿಮಗೆ 3 ಅಥವಾ 4. 4ಕ್ಕೆ ಗೆರೆ. ಅವನ ಕಡೆಯಿಂದಲೂ ಹೀಗೇ ಮಾಡಿ. ಯಾವ ಚೌಕದಲ್ಲಿ ಎರಡೂ ಅಂಕೆಗೆ ಗೆರೆ ಬಿತ್ತೋ ಅದೇ ಸಮತೋಲನ. ಅಲ್ಲಿ ನಿಂತ ಮೇಲೆ ಒಬ್ಬನೇ ದಾರಿ ಬದಲಿಸಿದರೆ ಅವನಿಗೆ ಲಾಭ ಇಲ್ಲ. ನಮ್ಮ ಬೋಟಿನ ಕತೆಯಲ್ಲಿ ಗೆರೆ ಬೀಳೋದು 4, 4ರ ಚೌಕಕ್ಕೆ. ಪಕ್ಕದಲ್ಲೇ 6, 6 ಇದೆ, ಇಬ್ಬರಿಗೂ ಕಾಣುತ್ತದೆ, ಆದರೆ ಅಲ್ಲಿ ನಿಲ್ಲಲು ಆಗುವುದಿಲ್ಲ.

ಇಂಥ ಜಾಗಕ್ಕೆ ನ್ಯಾಶ್ ಸಮತೋಲನ ಅನ್ನುತ್ತಾರೆ. ಎಷ್ಟೇ ಜನ ಆಡಲಿ, ಎಷ್ಟೇ ದಾರಿ ಇರಲಿ, ಜನರೂ ದಾರಿಗಳೂ ಎಣಿಸಿ ಮುಗಿಸುವಷ್ಟಿದ್ದರೆ, ಚೀಟಿ ಎತ್ತಿ ದಾರಿ ಆರಿಸುವುದನ್ನೂ ಸೇರಿಸಿಕೊಂಡು ಕನಿಷ್ಠ ಒಂದು ಸಮತೋಲನ ಇದ್ದೇ ಇರುತ್ತದೆ ಅಂತ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ತೀರಾ ಪುಟ್ಟ ಲೇಖನವೊಂದರಲ್ಲಿ ತೋರಿಸಿದರು. 1994ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಜೊತೆಗೆ ಇದೇ ವಿಷಯದಲ್ಲಿ ಕೆಲಸ ಮಾಡಿದ ಹರ್ಸಾನಿ ಮತ್ತು ಸೆಲ್ಟನ್ ಅವರಿಗೂ. ಸಮತೋಲನ ಅಂದರೆ ಒಳ್ಳೆಯದು ಅಂತ ಎಲ್ಲೂ ಅರ್ಥ ಇಲ್ಲ, ಈ ಪದ ಕೇಳಿ ಮೋಸ ಹೋಗಬೇಡಿ.

ಗೆರೆ ಎರಡು ಕಡೆ ಕೂಡಿದರೆ?

ಇದಕ್ಕೆ ಬೇರೆ ಉದಾಹರಣೆ ಬೇಕು. ಕುಮಟಾದಿಂದ ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಇಬ್ಬರು ಮೀನು ಮಾರಲು ಘಟ್ಟ ಹತ್ತುತ್ತಾರೆ. ಶಿರಸಿಗೆ ಒಬ್ಬನೇ ಹೋದರೆ ದಿನಕ್ಕೆ 900 ರೂಪಾಯಿ ಉಳಿಯುತ್ತದೆ, ಸಿದ್ದಾಪುರಕ್ಕೆ ಒಬ್ಬನೇ ಹೋದರೆ 600. ಇಬ್ಬರೂ ಒಂದೇ ಊರಿಗೆ ಹೋದರೆ ಹಂಚಿಕೆ: ಶಿರಸಿಯಲ್ಲಿ ತಲಾ 450, ಸಿದ್ದಾಪುರದಲ್ಲಿ ತಲಾ 300. ಗೆರೆ ಎಳೆದು ನೋಡಿ. ಎರಡು ಚೌಕದಲ್ಲಿ ಕೂಡುತ್ತದೆ. ನಾನು ಶಿರಸಿ ನೀನು ಸಿದ್ದಾಪುರ, ಅಥವಾ ಇದರ ಉಲ್ಟಾ.

ಮಾತೇ ಆಡದ ಇಬ್ಬರಾದರೆ ಮೂರನೇ ಸಮತೋಲನವೂ ಒಂದಿದೆ, ಚೀಟಿ ಎತ್ತಿದ ಹಾಗೆ ಹೋಗೋದು. ಅದನ್ನು ಕಂಡುಹಿಡಿಯಲು ಕೇಳಬೇಕಾದ ಪ್ರಶ್ನೆ: ಅವನು ಎಷ್ಟು ಸಲ ಶಿರಸಿಗೆ ಹೋದರೆ ನನಗೆ ಎರಡೂ ಊರು ಒಂದೇ ಅನ್ನಿಸುತ್ತದೆ? ಉತ್ತರ ಹತ್ತರಲ್ಲಿ ಎಂಟು. ತಾಳೆ ನೋಡಿ. ನಾನು ಹತ್ತೂ ದಿನ ಶಿರಸಿಗೆ ಹೋದರೆ ಎಂಟು ದಿನ 450, ಎರಡು ದಿನ 900, ಒಟ್ಟು 5,400. ಹತ್ತೂ ದಿನ ಸಿದ್ದಾಪುರಕ್ಕೆ ಹೋದರೆ ಎಂಟು ದಿನ 600, ಎರಡು ದಿನ 300, ಒಟ್ಟು ಮತ್ತೆ 5,400. ದಿನಕ್ಕೆ 540 ಬಿತ್ತು. ಅಂದರೆ ಇಬ್ಬರೂ ಹಟಕ್ಕೆ ಬಿದ್ದು ಶಿರಸಿಗೇ ಜಾಸ್ತಿ ಹೋಗುವ ಆಟದಲ್ಲಿ ಸಿಗೋದು, ಸುಮ್ನೆ ಸಿದ್ದಾಪುರ ಒಪ್ಪಿಕೊಂಡವನಿಗೆ ಸಿಗುವ 600ಕ್ಕಿಂತಲೂ ಕಡಿಮೆ! ನನಗೆ ಈ ಲೆಕ್ಕ ತುಂಬಾ ಇಷ್ಟ.

ಅದಕ್ಕೇ ಇಲ್ಲಿ ಮಾತು ಕೆಲಸ ಮಾಡುತ್ತದೆ. ಬೆಸ ತಾರೀಖು ನಾನು ಶಿರಸಿ, ಸಮ ತಾರೀಖು ನೀನು ಅಂತ ಚಹಾ ಅಂಗಡಿಯಲ್ಲಿ ಒಪ್ಪಂದ ಆದರೆ ಸರಾಸರಿ ತಲಾ 750. (31ರ ಮಾರನೇ ದಿನ 1, ಎರಡೂ ಬೆಸ. ಒಬ್ಬನಿಗೆ ಎರಡು ದಿನ ಸತತ ಶಿರಸಿ ಸಿಗುತ್ತದೆ. ಅದಕ್ಕೆಲ್ಲ ಜಗಳ ಆಡಬಾರದು ಮಾರಾಯ್ರೇ.) ಇಬ್ಬರೂ ನೋಡಬಲ್ಲ ಒಂದು ಗುರುತನ್ನು ಹಿಡಿದು ಹೀಗೆ ಹೊಂದಿಕೊಳ್ಳುವ ವಿಚಾರವನ್ನು ಗಣಿತಕ್ಕೆ ಇಳಿಸಿದವರು ಗಣಿತಜ್ಞ ರಾಬರ್ಟ್ ಆಮನ್, 1974ರಲ್ಲಿ. ಅವರ ಜೊತೆ 2005ರಲ್ಲಿ ನೊಬೆಲ್ ಹಂಚಿಕೊಂಡ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇನ್ನೊಂದು ಮಾತು ಹೇಳಿದ್ದರು. ಮಾತೇ ಆಡದಿದ್ದರೂ ಜನ ಕೆಲವು ಜಾಗದಲ್ಲಿ ತಾವಾಗೇ ಕೂಡುತ್ತಾರೆ, ಯಾಕೆಂದರೆ ಆ ಜಾಗ ಎಲ್ಲರ ಕಣ್ಣಿಗೂ ಎದ್ದು ಕಾಣುತ್ತದೆ. ಜಾತ್ರೆಯಲ್ಲಿ ಮೊಬೈಲ್ ಚಾರ್ಜ್ ಖಾಲಿಯಾದರೆ ಮನೆಯವರನ್ನು ಎಲ್ಲಿ ಹುಡುಕುತ್ತೀರಿ? ಶಿರಸಿಯಾದರೆ ಮಾರಿಗುಡಿ ಎದುರು, ಅಲ್ವಾ.

ಈಗ ಬೋಟಿಗೆ ವಾಪಸ್ ಬನ್ನಿ. ಅವರಿಬ್ಬರೂ ಚಹಾ ಅಂಗಡಿಯಲ್ಲಿ ಕೂತು ದೊಡ್ಡ ಕಣ್ಣಿನ ಬಲೆಯನ್ನೇ ಬಳಸೋಣ ಅಂತ ಕೈ ಹಿಡಿದು ಮಾತು ಕೊಟ್ಟರೂ ಪ್ರಯೋಜನ ಇಲ್ಲ. ಮಾತು ಕೊಟ್ಟ ಮೇಲೆ ಮುರಿದವನಿಗೆ 8. ಮೀನಿನ ಬೈಕಿನವರಲ್ಲಿ ಮುರಿದವನಿಗೇ ನಷ್ಟ. ಹಾಗಾಗಿ ಯಾವ ಸಮಸ್ಯೆ ಬಂದರೂ ನಾನು ಮೊದಲು ಹಾಕಿ ನೋಡುವ ಪರೀಕ್ಷೆ ಇದು: ಎಲ್ಲರೂ ಒಪ್ಪಿದರು ಅಂತಿಟ್ಟುಕೊಳ್ಳಿ, ಮಾರನೇ ದಿನ ಬೆಳಿಗ್ಗೆ ಒಬ್ಬ ಕಳ್ಳಾಟ ಆಡಿದರೆ ಅವನಿಗೆ ಲಾಭವಾ, ನಷ್ಟವಾ?

ಲಾಭ ಅಂತಾದರೆ ಕಾವಲು ಬೇಕು, ಅದೂ ಪ್ರತಿ ವರ್ಷ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಹೋದ ವರ್ಷ ಎಲ್ಲರೂ ಪಾಲಿಸಿದ್ದಾರೆ, ಈ ವರ್ಷ ಆದೇಶ ಬೇಡ, ಅಭ್ಯಾಸ ಆಗಿದೆ ಅಂತ ಯಾರೂ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಚೌಕವೇ ಹೇಳುತ್ತದೆ.

ಅದೇ ಇಬ್ಬರು ದಿನಾ ಎದುರಾಗುವವರಾದರೆ ಸ್ವಲ್ಪ ಆಸೆ ಇದೆ. ಇವತ್ತು ಮೋಸ ಮಾಡಿದರೆ 2 ಜಾಸ್ತಿ (6ರ ಬದಲು 8). ನಾಳೆಯಿಂದ ಅವನೂ ಸಣ್ಣ ಕಣ್ಣಿಗೆ ಇಳಿದರೆ ದಿನಾ 2 ಕಡಿಮೆ (6ರ ಬದಲು 4). ಹಾಗಾಗಿ ನಾಳೆಯೂ ಇದೇ ಆಟ ಮುಂದುವರಿಯುವ ಸಾಧ್ಯತೆ ಅರ್ಧ ಅಥವಾ ಜಾಸ್ತಿ ಇದ್ದರೆ ಮಾತು ಉಳಿಸಿಕೊಳ್ಳುವುದು ದಡ್ಡತನ ಅಲ್ಲ. ದಡದಲ್ಲಿ ನಿಂತು ರಂಪಣಿ ಎಂಬ ದೊಡ್ಡ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಇಡೀ ಕೇರಿ ಒಂದೇ ಹಗ್ಗ ಹಿಡಿಯುತ್ತಿತ್ತು, ಪಾಲೂ ದಡದಲ್ಲೇ ಎಲ್ಲರ ಕಣ್ಣೆದುರು ಆಗುತ್ತಿತ್ತು. ನಡು ಸಮುದ್ರದಲ್ಲಿ ಯಾರು ಯಾವ ಬಲೆ ಬಿಟ್ಟರು ಅಂತ ನೋಡುವವರು ಯಾರು?

ದೋಟಿಗೆ ಚೌಕ ಸಾಲದು, ಸಾಲು ಬೇಕು

ಜನ ಜಾಸ್ತಿ ಆದ ಕೂಡಲೇ ಚೌಕ ಬಿಡಿ. ಪ್ರತಿ ಮನೆಗೂ ಒಂದೇ ಪ್ರಶ್ನೆ ಕೇಳಿ: ಬೇರೆ ಎಷ್ಟು ಮನೆಯವರು ತಂದ ಮೇಲೆ ನೀವು ತರುತ್ತೀರಿ? ದೋಟಿಯಲ್ಲಿ ಈ ಪ್ರಶ್ನೆಗೆ ಅರ್ಥ ಇದೆ. ಒಂದೇ ಮನೆಯಲ್ಲಿ ದೋಟಿ ಇದ್ದರೆ ಅದನ್ನು ಹಿಡಿಯಲು ಕಲಿತ ಆಳು ಆ ಒಂದು ತೋಟಕ್ಕಾಗಿ ಬರುವುದಿಲ್ಲ. ಆರೇಳು ಮನೆ ಆದರೆ ವಾರ ಇಟ್ಟುಕೊಂಡು ಬರುತ್ತಾನೆ, ಕೆಟ್ಟರೆ ರಿಪೇರಿಗೂ ಒಂದೇ ಸಲ ಕಳಿಸಬಹುದು.

ಹತ್ತು ಮನೆಯ ಕೇರಿಯಲ್ಲಿ ಉತ್ತರ ಹೀಗೆ ಬಂತು ಅನ್ನಿ: 0, 1, 1, 4, 4, 5, 5, 6, 7, ಹತ್ತನೆಯವರು ಯಾರು ತಂದರೂ ನಾನು ತರುವುದಿಲ್ಲ ಅಂದರು (ಪ್ರತಿ ಕೇರಿಯಲ್ಲೂ ಒಬ್ಬರು ಇರುತ್ತಾರೆ). ಈಗ ಓಡಿಸಿ ನೋಡಿ. 0 ಅಂದವರು ಮೊದಲು ತಂದರು. 1 ಅಂದ ಇಬ್ಬರೂ ತಂದರು. ಮೂರಾಯಿತು. ಮುಂದಿನವರಿಗೆ 4 ಬೇಕು. ನಿಂತಿತು. ಹತ್ತು ವರ್ಷ ಆದರೂ ಮೂರೇ. ನೋಡಿದವರು ಈ ಕೇರಿಯವರು ಹಳೇ ಕಾಲದವರು ಅನ್ನುತ್ತಾರೆ.

4 ಅಂದ ಒಬ್ಬರಿಗೆ ಯಾರೋ ಒಂದು ಹಂಗಾಮಿಗೆ ದೋಟಿ ಬಾಡಿಗೆ ಇಲ್ಲದೆ ಕೊಟ್ಟರು ಅಂದುಕೊಳ್ಳಿ. ನಾಲ್ಕಾಯಿತು. ಇನ್ನೊಬ್ಬ 4ರವರು ಬಂದರು, ಐದು. 5ರವರು ಇಬ್ಬರು, ಏಳು. 6 ಮತ್ತು 7 ಒಟ್ಟಿಗೇ ಬಂದು ಒಂಬತ್ತು. ಕೊಟ್ಟ ದೋಟಿ ವಾಪಸ್ ತೆಗೆದುಕೊಳ್ಳಿ, ಆ ಮನೆಯವರು ಸುತ್ತ ಎಂಟು ಮನೆ ನೋಡಿ ತಾವೇ ಒಂದು ತರುತ್ತಾರೆ. ಒಂದೇ ಕೇರಿ, ಅದೇ ಜನ, ಸಮತೋಲನ ಎರಡು: 3 ಮತ್ತು 9. ಬಲೆಗೆ ಪ್ರತಿ ವರ್ಷ ಕಾವಲು ಬೇಕು, ಇಲ್ಲಿ ಒಂದೇ ಸಲ ತಳ್ಳಿದರೆ ಸಾಕು, ಅದೂ ಸರಿಯಾದ ಮನೆಯನ್ನು. 7 ಅಂದವರಿಗೆ ಕೊಟ್ಟರೂ ನಡೆಯುತ್ತದೆ, ಆದರೆ ದೋಟಿ ವಾಪಸ್ ಕೇಳಲು ಎಲ್ಲರೂ ಬರುವವರೆಗೆ ಕಾಯಬೇಕು. ಮೊದಲೇ ತರುವವರಿದ್ದ ಆ ಮೂರು ಮನೆಗೆ ಕೊಟ್ಟರೆ ಮಾತ್ರ ದುಡ್ಡು ನೀರಿಗೆ ಹೋಯಿತು. ಸಹಾಯಧನ ಸಾಮಾನ್ಯವಾಗಿ ಹೋಗೋದು ಅವರಿಗೇ, ಯಾಕೆಂದರೆ ಅರ್ಜಿ ಮೊದಲು ಹಾಕುವವರು ಅವರೇ.

ಈ ಲೆಕ್ಕ ಎಷ್ಟು ಸೂಕ್ಷ್ಮ ಅಂತ 1978ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ತೋರಿಸಿದರು. ನೂರು ಜನರ ಗುಂಪು, ಎಷ್ಟು ಜನ ಗಲಾಟೆಗೆ ಇಳಿದ ಮೇಲೆ ನೀವು ಇಳಿಯುತ್ತೀರಿ ಅಂದರೆ ಉತ್ತರಗಳು 0, 1, 2 ಹೀಗೆ 99ರವರೆಗೆ. ನೂರೂ ಜನ ಗಲಾಟೆಗೆ ಇಳಿಯುತ್ತಾರೆ. 1 ಅಂದವನೊಬ್ಬ 2 ಅಂದುಬಿಟ್ಟರೆ ಇಳಿಯೋದು ಒಬ್ಬನೇ. ಗುಂಪು ಬಹುತೇಕ ಅದೇ.

ಒಂದು ಎಚ್ಚರ: ನಕಲೋ, ಮಳೆಯೋ

ಪಕ್ಕದವರು ಮಾಡಿದ್ದನ್ನೇ ಇವರೂ ಮಾಡಿದರು ಅಂದ ಮಾತ್ರಕ್ಕೆ ನೋಡಿ ಮಾಡಿದರು ಅಂತ ಬರೆಯಬೇಡಿ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಇಡೀ ಕೇರಿ ಒಂದೇ ವಾರದಲ್ಲಿ ಹೊಡೆಯುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎಲ್ಲರ ಮನೆಯಲ್ಲೂ ಒಂದೇ ಲೆಕ್ಕ. ಒಬ್ಬರನ್ನು ನೋಡಿ ಒಬ್ಬರು ಹೊಡೆದರಾ? ಅಥವಾ ಎಲ್ಲರ ತಲೆ ಮೇಲೂ ಒಂದೇ ಮೋಡ ಬಂತಾ? ಹೊರಗಿಂದ ಎರಡೂ ಒಂದೇ ಥರ ಕಾಣುತ್ತದೆ. ಚಾರ್ಲ್ಸ್ ಮ್ಯಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ಇದಕ್ಕೆ ಪ್ರತಿಬಿಂಬದ ಸಮಸ್ಯೆ ಅಂತ ಹೆಸರಿಟ್ಟರು. ಕನ್ನಡಿಯಲ್ಲಿ ಕೈ ಎತ್ತಿದವನು ಮೊದಲು ಯಾರು ಅಂತ ಬರೀ ನೋಡಿ ಹೇಳಲಾಗದು, ಹಾಗೆ. ಎರಡು ವರ್ಷದ ಮಟ್ಟಿಗೆ ನಾನು ಇದರಲ್ಲಿ ಮೋಸ ಹೋದೆ, ನನ್ನನ್ನು ನೋಡಿ ಭಾವ ಮದ್ದು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನೂ ಅದೇ ಅಂದುಕೊಂಡಿದ್ದನಂತೆ, ಉಲ್ಟಾ.

ಬಿಡಿಸಿಕೊಳ್ಳಲು ಒಂದೇ ಮನೆಗೆ ತಗುಲಿದ ಕಾರಣ ಹುಡುಕಬೇಕು. ಮಳೆ, ಅಡಿಕೆ ರೇಟು ಎಲ್ಲರಿಗೂ ಒಂದೇ, ಅವು ಬೇಡ. ಮಗ ಬೆಂಗಳೂರಿನಿಂದ ವಾಪಸ್ ಬಂದದ್ದು, ನೆಂಟರು ಹಳೇ ದೋಟಿ ಕೊಟ್ಟದ್ದು, ಇಂಥದ್ದು ಬೇಕು. ಅದು ಆದ ದಿನ ಬರೆದಿಡಿ. ಆಮೇಲೆ ಪಕ್ಕದ ಎರಡು ಮನೆ ಮತ್ತು ಆ ತೋಟ ಕಾಣದ ಎರಡು ಮನೆ, ನಾಲ್ಕನ್ನೂ ಮುಂದಿನ ಕೊಯ್ಲಿನವರೆಗೆ ಗಮನಿಸಿ. ಪಕ್ಕದವರು ಮಾತ್ರ ಬದಲಾದರೆ ಅದು ನೋಡಿ ಮಾಡಿದ್ದು. ನಾಲ್ಕೂ ಬದಲಾದರೆ ಬೇರೇನೋ ಬಂದಿದೆ, ಪುಟ ತಿರುಗಿಸಿ ಮತ್ತೆ ಶುರು ಮಾಡಿ.