ನಾತ ಇರುವುದು ರಬ್ಬರಿನ ಕೆಳಗೆ

ಸಿಂಕಿನ ಗಾರ್ಬೇಜ್ ಡಿಸ್ಪೋಸರ್, ಅಂದರೆ ಸಿಂಕಿನ ಕೆಳಗೆ ಕೂತು ಆಹಾರದ ಕಸ ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಯಂತ್ರ, ನಾರತೊಡಗಿದರೆ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ. ಹಿಂಡಿದ ಲಿಂಬೆಯ ಸಿಪ್ಪೆ ಹಾಕಿ, ನೀರು ಬಿಟ್ಟು, ಸ್ವಿಚ್ ಒತ್ತುವುದು. ಸ್ವಲ್ಪ ಹೊತ್ತು ಅಡಿಗೆಮನೆ ಘಮಘಮ ಅನ್ನುತ್ತದೆ. ಸಂಜೆ ಹೊತ್ತಿಗೆ ಅದೇ ನಾತ ಮತ್ತೆ ಹಾಜರು. ಯಾಕೆಂದರೆ ಲಿಂಬೆ ಹೋಗುವುದು ಯಂತ್ರದ ಹೊಟ್ಟೆಗೆ. ಗಲೀಜು ಕೂತಿರುವುದು ಅದರ ಬಾಯಲ್ಲಿ.

ನಾವು ಕುಮಟಾ ಕಡೆಯವರು, ಇರುವುದು ಗೋವಾದ ವಾಸ್ಕೋದಲ್ಲಿ. ಮನೆಯಲ್ಲಿ ಮೀನು, ತೆಂಗಿನಕಾಯಿ ಎರಡೂ ಇಲ್ಲದ ದಿನ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ಅಪರೂಪ. ಆದರೂ ನಮ್ಮ ಡಿಸ್ಪೋಸರ್ ಜಾಸ್ತಿ ನಾರುವುದು ಆ ತಿಂಗಳುಗಳಲ್ಲೇ. ಮಳೆಯ ತೇವಕ್ಕೆ ಯಾವುದೂ ಒಣಗುವುದಿಲ್ಲ ಅಲ್ವಾ? ರಬ್ಬರಿಗೆ ಅಂಟಿದ್ದು ಅಲ್ಲೇ ಕೊಳೆಯುತ್ತದೆ.

ಪಕ್ಕದ ಫ್ಲ್ಯಾಟಿನ ಹುಬ್ಬಳ್ಳಿ ಹುಡುಗಿ ಒಂದಿನ ಬಂದು, "ಅಕ್ಕಾ, ಎಷ್ಟು ಲಿಂಬೆ ಹಾಕಿದ್ರೂ ವಾಸನಿ ಹೋಗವಲ್ದು" ಅಂದಳು. "ರಬ್ಬರ್ ಎತ್ತಿ ನೋಡಿದ್ಯಾ?" ಅಂತ ಕೇಳಿದೆ. ನೋಡಿರಲಿಲ್ಲ. ಇಬ್ಬರೂ ಹೋಗಿ ನೋಡಿದೆವು.

ಸಿಂಕಿನ ತೂತಿನಲ್ಲಿ ಹೂವಿನ ಎಸಳಿನ ಹಾಗೆ ಸೀಳಿರುವ ಕಪ್ಪು ರಬ್ಬರ್ ಇರುತ್ತದೆ. ರುಬ್ಬುವಾಗ ನೀರು ಮುಖಕ್ಕೆ ಸಿಡಿಯದಿರಲಿ ಅಂತ. ಮೇಲಿಂದ ನೋಡಿದರೆ ಫಳಫಳ. ಮಗುಚಿದರೆ ಕಂದು ಬಣ್ಣದ ಲೋಳೆ. ಅದರಲ್ಲಿ ಕಾಯಿತುರಿ, ಕೊತ್ತಂಬರಿ ದಂಟಿನ ಚೂರು, ಒಗ್ಗರಣೆಯ ಸಾಸಿವೆ, ಸಿಗಡಿಯ ಒಂದು ಮೀಸೆ ಕೂಡ ಅಂಟಿತ್ತು. ಯಂತ್ರ ತಿರುಗಿದಾಗಲೆಲ್ಲ ಕೆಳಗಿನಿಂದ ಚಿಮ್ಮಿದ್ದು ಇಲ್ಲಿಗೇ ಬಂದು ಬಡಿಯುತ್ತದೆ. ನಲ್ಲಿ ನೀರು ಆ ಬದಿಗೆ ತಾಗುವುದೇ ಇಲ್ಲ.

ನಾನು ಮಾಡುವುದು ಹೀಗೆ. ಮೊದಲು ಸಿಂಕಿನ ಕೆಳಗಿನ ಕರೆಂಟ್ ಪ್ಲಗ್ ಕಿತ್ತು ಹಾಕುತ್ತೇನೆ. ಸ್ವಿಚ್ ಆರಿಸಿದರೆ ನನಗೆ ಸಮಾಧಾನವಿಲ್ಲ, ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಒತ್ತಬಹುದು. ಕೆಲವು ಮಾಡೆಲ್‌ಗಳಲ್ಲಿ ರಬ್ಬರ್ ಪೂರ್ತಿ ಹೊರಗೆ ಬರುತ್ತದೆ. ಬಂದರೆ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ನೆನೆಸಿ ಉಜ್ಜಿದರೆ ಮುಗಿಯಿತು. ನಮ್ಮದು ಬರುವುದಿಲ್ಲ. ಹಾಗಾಗಿ ಒಂದೊಂದೇ ಎಸಳನ್ನು ಮೇಲಕ್ಕೆ ಮಡಚಿ ಹಿಡಿದು, ಹಳೆ ಟೂತ್‌ಬ್ರಷ್ಷಿಗೆ ಅಡಿಗೆ ಸೋಡಾ ಹಚ್ಚಿ ಬುಡದವರೆಗೆ ತಿಕ್ಕುತ್ತೇನೆ. ಜಿಡ್ಡು ಇರುವುದು ಬುಡದ ಸಂದಿಯಲ್ಲಿ. ಅಷ್ಟಕ್ಕೇ ಮುಕ್ಕಾಲು ವಾಸನೆ ಹೋಗುತ್ತದೆ.

ಒಳಗೆ ಕೈ ಹಾಕುವುದು ಬೇಡವೇ ಬೇಡ. ಟಾರ್ಚ್ ಬಿಟ್ಟು ನೋಡಿ, ಮುಳ್ಳೋ ಚಮಚವೋ ಕಂಡರೆ ಇಕ್ಕಳದಲ್ಲಿ ತೆಗೆಯಿರಿ.

ಆಮೇಲೆ ಪ್ಲಗ್ ಹಾಕಿ, ಒಂದು ಬಟ್ಟಲು ಐಸ್, ಒಂದು ಹಿಡಿ ಕಲ್ಲುಪ್ಪು ಒಳಗೆ ಸುರಿದು, ತಣ್ಣೀರು ಬಿಟ್ಟು ಓಡಿಸುತ್ತೇನೆ. ಇದರಿಂದ ಬ್ಲೇಡ್ ಹರಿತವಾಗುತ್ತದೆ ಅಂತ ಹೇಳುವವರಿದ್ದಾರೆ. ಒಳಗೆ ಬ್ಲೇಡೇ ಇಲ್ಲ. ತಿರುಗುವ ತಟ್ಟೆಯ ಮೇಲೆ ಎರಡು ಮೊಂಡು ಲೋಹದ ತುಂಡುಗಳಿವೆ. ಅವು ಆಹಾರವನ್ನು ಸುತ್ತಲಿನ ಹಲ್ಲುಬಳೆಗೆ ಒತ್ತಿ ಅರೆಯುತ್ತವೆ. ಐಸು ಉಪ್ಪು ಸೇರಿ ಆ ಹಲ್ಲುಗಳ ಸಂದಿ ಕೆರೆದು ಕೊಡುತ್ತವೆ, ಅಷ್ಟೆ.

ಇನ್ನು ವಿನೆಗರ್ ಸರದಿ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದರೆ ನೊರೆ ಚೆನ್ನಾಗಿಯೇ ಬರುತ್ತದೆ, ಸ್ವಲ್ಪ ಕೊಳೆಯೂ ಸಡಿಲವಾಗುತ್ತದೆ. ಆದರೆ ಕ್ಷಾರ, ಹುಳಿ ಒಂದನ್ನೊಂದು ಕೊಂದುಕೊಂಡು, ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಅದಕ್ಕೇ ನಾನು ಬೇರೆ ಬೇರೆ ಬಳಸುತ್ತೇನೆ. ಮೀನಿನ ವಾಸನೆಗೆ ಬೇಕಾಗಿರುವುದು ಹುಳಿಯೇ. ಆ ವಾಸನೆ ಬರುವುದು ಅಮೀನ್ ಎಂಬ ಕ್ಷಾರ ಗುಣದ ವಸ್ತುಗಳಿಂದ, ಹುಳಿ ಅದನ್ನು ಕಟ್ಟಿಹಾಕುತ್ತದೆ. ಮೀನು ತೊಳೆಯುವಾಗ ನಮ್ಮ ಅಮ್ಮಂದಿರು ಲಿಂಬೆ, ಹುಣಸೆ ಹಚ್ಚುತ್ತಿದ್ದರಲ್ಲ, ಅದೇ. ಗೋವಾದಲ್ಲಿ ತೆಂಗಿನ ಕಳ್ಳಿನ ವಿನೆಗರ್ ಸುಲಭವಾಗಿ ಸಿಗುತ್ತದೆ. ಅದನ್ನು ವಿಂದಾಲೂಗೆ ಇಟ್ಟುಕೊಳ್ಳಿ, ಅದಕ್ಕೆ ಅದರದ್ದೇ ಒಂದು ವಾಸನೆ ಇದೆ. ತೊಳೆಯೋಕೆ ಅಗ್ಗದ ಬಿಳಿ ವಿನೆಗರ್ ಸಾಕು. ಒಂದು ಲೋಟ ಸುರಿದು ಹತ್ತು ನಿಮಿಷ ಸುಮ್ನೆ ಬಿಡಿ.

ಆಮೇಲೆ ಸಿಂಕಿಗೆ ಬಿರಡೆ ಹಾಕಿ, ಅರ್ಧದಷ್ಟು ಬಿಸಿ ನೀರು ತುಂಬಿ, ನಾಲ್ಕು ಹನಿ ಲಿಕ್ವಿಡ್ ಬಿಡುತ್ತೇನೆ. ಬಿರಡೆ ಎಳೆದು ಯಂತ್ರ ಓಡಿಸಿದರೆ ನೀರು ಒಮ್ಮೆಲೇ ನುಗ್ಗಿ ಗೋಡೆಯನ್ನೆಲ್ಲ ತೊಳೆಯುತ್ತದೆ. ಕುದಿಯುವ ನೀರು ಬೇಡ, ಪಿವಿಸಿ ಪೈಪಿಗೆ ಒಳ್ಳೆಯದಲ್ಲ. ಬ್ಲೀಚ್, ಡ್ರೈನ್ ಬಿಡಿಸುವ ಪುಡಿ ಕೂಡ ಬೇಡ. ರಬ್ಬರ್ ಹಾಳಾಗುತ್ತದೆ. ಬ್ಲೀಚಿಗೆ ವಿನೆಗರ್ ಸೇರಿದರಂತೂ ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ.

ದಿನಾ ರುಬ್ಬುವಾಗ ಮಾತ್ರ ತಣ್ಣೀರೇ ಇರಲಿ. ಬಿಸಿ ನೀರಿಗೆ ಜಿಡ್ಡು ಕರಗಿ ಮುಂದೆ ಪೈಪಿನಲ್ಲಿ ಹೋಗಿ ಗಟ್ಟಿಯಾಗುತ್ತದೆ. ಸದ್ದು ನಿಂತಮೇಲೂ ಇಪ್ಪತ್ತು ಸೆಕೆಂಡ್ ನಲ್ಲಿ ಬಿಟ್ಟಿರಲಿ.

1927ರಲ್ಲಿ ಅಮೆರಿಕದ ರೇಸೀನ್ ಊರಿನ ಜಾನ್ ಹ್ಯಾಮ್ಸ್ ಎಂಬ ವಾಸ್ತುಶಿಲ್ಪಿ ಈ ಯಂತ್ರವನ್ನು ಕಂಡುಹಿಡಿದ. ಅವನ ಅಡಿಗೆಮನೆಯಲ್ಲಿ ನುಗ್ಗೆಕಾಯಿ, ತೆಂಗಿನ ನಾರು, ಬಾಳೆದಿಂಡು ಇರಲಿಲ್ಲ. ನಾರಿನ ಪದಾರ್ಥ ಯಾವುದೇ ಇರಲಿ, ತಟ್ಟೆಗೆ ಸುತ್ತಿಕೊಳ್ಳುತ್ತದೆ. ಅನ್ನ ಪೈಪಿನಲ್ಲಿ ಉಬ್ಬಿ ಅಂಟುತ್ತದೆ, ಚಹಾಪುಡಿ ತಳ ಹಿಡಿಯುತ್ತದೆ. ಇವೆಲ್ಲ ನಮ್ಮಲ್ಲಿ ಹಸಿ ಕಸದ ಬುಟ್ಟಿಗೇ ಹೋಗುತ್ತವೆ.

ಇಷ್ಟೆಲ್ಲ ತೊಳೆದ ಮೇಲೂ ನಾತ ಇದ್ದರೆ ಅದು ಚರಂಡಿಯದ್ದಿರಬಹುದು. ಸಿಂಕಿನ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತು ಆ ಗಾಳಿಯನ್ನು ತಡೆಯುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಮನೆ ತುಂಬಾ ದಿನ ಮುಚ್ಚಿದ್ದರೆ ಆ ನೀರು ಆರಿಹೋಗುತ್ತದೆ. ಬಂದ ತಕ್ಷಣ ಎರಡು ಚೆಂಬು ನೀರು ಹಾಕಿ ಕಿಟಕಿ ತೆಗೆದಿಡಿ. ಆ ನೀರೂ ನಿಲ್ಲದೆ ನಾತ ಬರುತ್ತಲೇ ಇದ್ದರೆ ಪ್ಲಂಬರ್‌ಗೆ ಹೇಳಿ ಬಾಗು ಬಿಚ್ಚಿಸಿ ನೋಡಿಸಬೇಕು.