ಹಿಂದಿನ ಪಾತ್ರೆ ಕುದಿಯದ ಅಸ್ತ್ರ ಒಲೆ: ಬಿಚ್ಚಿ ಸರಿಮಾಡಿದ ಅನುಭವ

ಒಲೆಬಾಯಿಂದ ಹೊಗೆ ತಿರುಗಿ ಮುಖಕ್ಕೆ ಹೊಡೆಯುತ್ತದೆ. ಮುಂದಿನ ಪಾತ್ರೆಯಲ್ಲಿ ಅನ್ನ ಬೆಂದು ಇಳಿಸುವ ಹೊತ್ತಾದರೂ ಎರಡನೆಯದರಲ್ಲಿ ಬೇಳೆ ಬೆಂದಿರುವುದಿಲ್ಲ. ಮೂರನೆಯದರ ನೀರು ಉಗುರುಬೆಚ್ಚಗಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಅಸ್ತ್ರ ಒಲೆ ಇರುವ ಅಡುಗೆಮನೆಗಳಲ್ಲಿ ಈ ದೂರು ಮಾಮೂಲು. ಹೆಚ್ಚಿನವರು ಕಟ್ಟಿಗೆಯನ್ನು ಬೈಯುತ್ತಾರೆ, ಇಲ್ಲವೇ ಒಲೆಯನ್ನೇ ಒಡೆದು ಹಾಕುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ (ASTRA) ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು, ಒಂದೇ ಉರಿಯ ಬಿಸಿ ಹೊಗೆ ಸಾಲಾಗಿ ಪಾತ್ರೆಗಳ ಕೆಳಗೆ ಹಾದು ಹೊಗೆಕೊಳವೆ ಸೇರುವಂತೆ ರೂಪಿಸಿದ ಈ ಒಲೆಯ ಲೆಕ್ಕಾಚಾರ ಗಟ್ಟಿಯಾದದ್ದು. ಕೆಡುವುದು ಆ ಲೆಕ್ಕವಲ್ಲ. ವರ್ಷ ಕಳೆದಂತೆ ಬೂದಿ, ಬಿರುಕು, ಬದಲಾದ ಪಾತ್ರೆ ಇವು ಅದರ ಅಳತೆಯನ್ನು ತಪ್ಪಿಸುತ್ತವೆ. ನಮ್ಮ ಮನೆಯ ಮೂರು ಪಾತ್ರೆಯ ಒಲೆಯನ್ನು ಬಿಚ್ಚಿ ಸರಿಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಡೆಯುವ ಮೊದಲು ಪರೀಕ್ಷೆ ಮಾಡಬೇಕು. ಒಲೆ ಸಣ್ಣಗೆ ಉರಿಯುತ್ತಿರುವಾಗ ಮೂರೂ ಪಾತ್ರೆ ಇಟ್ಟು, ಊದಿನಕಡ್ಡಿ ಹಚ್ಚಿ, ಪಾತ್ರೆಗಳ ಅಂಚು, ಇಟ್ಟಿಗೆಯ ಸಂದು, ಹೊಗೆಕೊಳವೆ ಒಲೆಗೆ ಕೂಡುವ ಜಾಗ ಎಲ್ಲದರ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋದೆ. ಕಡ್ಡಿಯ ಹೊಗೆ ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಕೊಳವೆಯ ಎಳೆತ ಇರುವುದೇ ಇಷ್ಟು. ಬಿರುಕಿನಿಂದ ನುಗ್ಗುವ ತಣ್ಣನೆಯ ಗಾಳಿ ಅದರಲ್ಲಿ ಪಾಲು ತಿನ್ನುತ್ತದೆ, ಒಳಗಿನ ಹೊಗೆಯನ್ನೂ ತಣಿಸುತ್ತದೆ. ಹೊಗೆ ತಣಿದರೆ ಎಳೆತ ಇನ್ನೂ ಇಳಿಯುತ್ತದೆ. ಹಾಗಾಗಿ ಕೊಳವೆಗೆ ಹತ್ತಿರದ ಬಿರುಕು ಒಲೆಬಾಯಿಯ ಹತ್ತಿರದ ಬಿರುಕಿಗಿಂತ ಕೆಟ್ಟದ್ದು. ಮೂರನೆಯ ಬಾಯಿಯನ್ನು ಪಾತ್ರೆಯಿಲ್ಲದೆ ತೆರೆದಿಟ್ಟು ಅಡುಗೆ ಮಾಡುವ ಮನೆಗಳಲ್ಲಿ ಬೇರೆ ದೋಷ ಹುಡುಕುವುದೇ ಬೇಡ. ಮೊದಲು ಅದಕ್ಕೊಂದು ಮುಚ್ಚಳ ಮಾಡಿಸಿ ನೋಡಬೇಕು.

ಕೆಲಸವನ್ನು ಮಾಡಿನ ಮೇಲಿನಿಂದ ಶುರುಮಾಡಿದೆ. ಕೊಳವೆಯ ಟೋಪಿಗೆ ಹಕ್ಕಿ ಬಾರದಿರಲೆಂದು ಕಟ್ಟಿದ ಸಣ್ಣಕಣ್ಣಿನ ಬಲೆ ಮಸಿ, ಜಿಡ್ಡಿನಿಂದ ಮುಚ್ಚಿಹೋಗಿತ್ತು. ಬಲೆ ಬೇಕೇಬೇಕೆಂದರೆ ಅರ್ಧ ಇಂಚಿಗಿಂತ ದೊಡ್ಡ ಕಣ್ಣಿನದಿರಲಿ. ಟೋಪಿಗೂ ಕೊಳವೆಯ ತುದಿಗೂ ನಡುವೆ 4 ಇಂಚಿನ ಕೊಳವೆಗಾದರೆ ಕನಿಷ್ಠ 2 ಇಂಚು ಅಂತರ ಬೇಕು. ತಗಡಿನ ಕೊಳವೆಯಾದರೆ ಒಳಗೆ ಅಂಟಿದ ಮಸಿಯನ್ನು ತೆಗೆಯಲು ಕತ್ತದ ಉಂಡೆಯನ್ನು ಹಗ್ಗದ ನಡುವೆ ಬಿಗಿದು, ಕೆಳಗಿನ ತುದಿಗೆ ಕಲ್ಲು ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ನಿಂತು ಎಳೆದರೆ ಸಾಕು. ಒಣ ಮಸಿ ಪುಡಿಯಾಗಿ ಉದುರುತ್ತದೆ. ಹೊಳೆಯುವ ಕಪ್ಪು ಡಾಂಬರಿನಂಥ ಪದರ ಇದ್ದರೆ ಅದು ಹಸಿ ಕಟ್ಟಿಗೆಯ ಗುರುತು, ಬೆಂಕಿ ಹಿಡಿಯುವ ವಸ್ತುವೂ ಹೌದು, ಕೆರೆದೇ ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ ಒಲೆಗಳಿಗೆ ಹಾಕಿದ್ದು ಹೆಚ್ಚಾಗಿ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಪೈಪು. ಅದನ್ನು ಒಣಗಿದ್ದಾಗ ಕೊಯ್ಯುವುದು, ಉಜ್ಜುವುದು, ಒಡೆಯುವುದು ಬೇಡ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ಒಳಗೆ ಕತ್ತದ ಉಂಡೆ ಎಳೆಯುವ ಕೆಲಸವೂ ಉಜ್ಜಿದಂತೆಯೇ, ಈ ಪೈಪಿಗೆ ಅದೂ ಬೇಡ. ನಾನು ಪೈಪನ್ನು ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬದಿಗಿಟ್ಟು, ಬದಲಿಗೆ 4 ಇಂಚಿನ ತಗಡಿನ ಕೊಳವೆ ಹಾಕಿದೆ. ಕೊಳವೆ ಮಾಡು ದಾಟುವಲ್ಲಿ ರೀಪು ಕತ್ತರಿಸಿ ಅಡ್ಡಪಟ್ಟಿ ಕೊಟ್ಟು, 8 ಇಂಚಿನ ಹೊರಕೊಳವೆ ಕೂರಿಸಿ, ನಡುವಿನ 2 ಇಂಚಿಗೆ ಬೆಂಕಿ ಹಿಡಿಯದ ರಾಕ್‌ವುಲ್ (ಕಲ್ಲುಣ್ಣೆ) ತುಂಬಿದೆ. ಮರ ಬಿಸಿ ಕೊಳವೆಗೆ ತಾಗಿಕೊಂಡಿರಬಾರದು. ತುದಿ ಹೆಂಚಿನಿಂದ ಕನಿಷ್ಠ 3 ಅಡಿ ಮೇಲೆ, ಮಾಡಿನ ನೆತ್ತಿಗೆ ಹತ್ತಿರವಿದ್ದರೆ ಅದಕ್ಕಿಂತ 2 ಅಡಿ ಮೇಲೆ ಬರಬೇಕು. ಇಲ್ಲವಾದರೆ ಮಳೆಗಾಲದ ಪಡುವಣ ಗಾಳಿ ಮಾಡಿನ ಮೇಲೆ ಮಗುಚಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಕೊಳವೆಯ ಬುಡದಲ್ಲಿ ಟಿ ಆಕಾರದ ತುಂಡು ಹಾಕಿ, ತೆಗೆಯಬಹುದಾದ ಮುಚ್ಚಳ ಕೊಟ್ಟರೆ ಮುಂದೆ ಮಸಿ ತೆಗೆಯಲು ಒಲೆ ಮುಟ್ಟಬೇಕಿಲ್ಲ.

ಇಷ್ಟು ಮಾಡಿ ಒಲೆ ಹಚ್ಚಿದಾಗ ಮುಖಕ್ಕೆ ಬರುವ ಹೊಗೆ ನಿಂತಿತು, ಆದರೆ ಹಿಂದಿನ ಪಾತ್ರೆ ಕುದಿಯಲಿಲ್ಲ. ಹಾಗಾದರೆ ದೋಷ ಒಳದಾರಿಯಲ್ಲಿ. ಒಲೆ ಪೂರ್ತಿ ಆರಿದ ಮೇಲೆ ಮೇಲ್ಮುಖದ ಗಾರೆಯನ್ನು ಸಣ್ಣ ಉಳಿಯಿಂದ ಬಿಡಿಸಿ, ಎರಡು ಮತ್ತು ಮೂರನೆಯ ಬಾಯಿಯ ಸುತ್ತಿನ ಇಟ್ಟಿಗೆ ಎತ್ತಿದೆ. ಎತ್ತುವಾಗ ಪ್ರತಿ ಇಟ್ಟಿಗೆಗೂ ಸುಣ್ಣದಲ್ಲಿ ಸಂಖ್ಯೆ ಬರೆದಿಟ್ಟರೆ ಮರಳಿ ಕೂರಿಸುವುದು ಸುಲಭ. ಎರಡನೆಯ ಪಾತ್ರೆಯ ಕೆಳಗೆ ಬೂದಿ ಗಟ್ಟಿಯಾಗಿ ಕೂತಿತ್ತು. ಮೂರನೆಯದರ ಕೆಳಗೆ ತದ್ವಿರುದ್ಧ: ನೆಲದ ಮಣ್ಣು ಕುಸಿದು ಪಾತ್ರೆಯ ತಳಕ್ಕೂ ನೆಲಕ್ಕೂ 4 ಇಂಚು ಅಂತರವಾಗಿತ್ತು. ಬಿಸಿ ಹೊಗೆ ತಳವನ್ನು ಮುಟ್ಟದೆ ಕೆಳಗಿಂದಲೇ ನುಣುಚಿಕೊಂಡು ಕೊಳವೆ ಸೇರುತ್ತಿತ್ತು.

ಈ ಅಂತರವೇ ಇಡೀ ಒಲೆಯ ಜೀವ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. 4 ಇಂಚಿನ ಕೊಳವೆಯ ಒಳಬಾಯಿ ಸುಮಾರು 12.5 ಚದರ ಇಂಚು. ಹೊಗೆ ಸಾಗುವ ದಾರಿಯಲ್ಲಿ ಎಲ್ಲಿಯೂ ಇದಕ್ಕಿಂತ ತೀರಾ ಕಡಿಮೆಯಾದರೆ ಉಸಿರು ಕಟ್ಟುತ್ತದೆ, ತುಂಬ ಹೆಚ್ಚಾದರೆ ಹೊಗೆ ಪಾತ್ರೆಗೆ ತಾಗದೆ ಹೋಗುತ್ತದೆ. ಪಾತ್ರೆ 9 ಇಂಚು ಅಗಲವಿದ್ದರೆ 12.5ನ್ನು 9ರಿಂದ ಭಾಗಿಸಿ: 1.4 ಇಂಚು. ಎರಡನೆಯ ಪಾತ್ರೆಯ ಕೆಳಗೆ ನಾನು 1.5 ಇಂಚು ಇಟ್ಟೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹೊಗೆ ತಣಿದು ಕುಗ್ಗಿರುತ್ತದೆ, ಅಲ್ಲಿ 1.25 ಇಂಚು ಸಾಕು. 1 ಇಂಚಿಗಿಂತ ಕಡಿಮೆ ಮಾಡಬೇಡಿ. ವಾರದ ಬೂದಿಯೇ ಮುಚ್ಚಿಬಿಡುತ್ತದೆ. ಎರಡು ಬಾಯಿಗಳ ನಡುವಿನ ಸುರಂಗ 4 ಇಂಚು ಅಗಲ, 3 ಇಂಚು ಎತ್ತರ. ಅಳೆಯುವ ಉಪಾಯ ಸುಲಭ: ನೆಲದ ಮೇಲೆ ಹಸಿ ಮಣ್ಣಿನ ಮೂರು ಗೋಪುರ ಇಟ್ಟು, ಪಾತ್ರೆಯನ್ನು ಅದರ ಜಾಗದಲ್ಲಿ ಕೂರಿಸಿ ತೆಗೆದರೆ, ಒತ್ತಿಹೋಗಿ ಉಳಿದ ಎತ್ತರವೇ ನಿಜವಾದ ಅಂತರ.

ಗಾರೆಗೆ ಸಿಮೆಂಟ್ ಬಳಸುವುದನ್ನು ಈಗಲೂ ಕಾಣುತ್ತೇನೆ. ಬೆಂಕಿ ತಾಗುವಲ್ಲಿ ಅದು ನಿಲ್ಲುವುದಿಲ್ಲ. 400 ಡಿಗ್ರಿ ದಾಟಿದ ಮೇಲೆ ಸಿಮೆಂಟಿನೊಳಗಿನ ಸುಣ್ಣದಲ್ಲಿ ಕಟ್ಟಿಕೊಂಡ ನೀರು ಬಿಟ್ಟುಹೋಗಿ ಪುಡಿಯಾಗುತ್ತದೆ. ನಾನು ಬಳಸಿದ್ದು ಜರಡಿ ಹಿಡಿದ ಹುತ್ತದ ಮಣ್ಣು 2 ಪಾಲು, ಮರಳು 1 ಪಾಲು, ಭತ್ತದ ಉಮಿ ಅರ್ಧ ಪಾಲು, ಕಲಸಲು ಸಗಣಿ ನೀರು. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಕಾಲಿನಿಂದ ಚೆನ್ನಾಗಿ ತುಳಿಯಬೇಕು. ಉಂಡೆ ಮಾಡಿ ನೆರಳಲ್ಲಿ ಒಣಗಿಸಿ ನೋಡಿ: ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಬೆರಳಿಗೆ ಉದುರಿದರೆ ಮಣ್ಣು ಹೆಚ್ಚಿಸಿ. ಉರಿ ನೇರ ತಾಗುವ ಮುಂಗೂಡಿಗೆ ಸುಟ್ಟ ಇಟ್ಟಿಗೆಯೇ ಆಗಬೇಕು. ನಮ್ಮಲ್ಲಿ ಧಾರಾಳ ಸಿಗುವ ಚಿರೆಕಲ್ಲು ಹೊರಗೋಡೆಗೆ ಒಳ್ಳೆಯದು, ಆದರೆ ತೇವ ಹೀರಿಕೊಂಡ ಕಲ್ಲು ಉರಿ ತಾಗಿದರೆ ಸಿಪ್ಪೆ ಏಳುತ್ತದೆ.

ಪಾತ್ರೆ ಕೂರುವ ಅಂಚಿನಲ್ಲಿ ಅವಸರ ಬೇಡ. ಒಲೆ ಕಟ್ಟಿದ ಕಾಲಕ್ಕೆ ದುಂಡುತಳದ ತಪ್ಪಲೆಗಳಿದ್ದವು, ಈಗ ಚಪ್ಪಟೆ ತಳದ ಕುಕ್ಕರು. ಹಳೆಯ ಅಂಚಿನ ಮೇಲೆ ಕುಕ್ಕರು ಇಟ್ಟರೆ ಸುತ್ತಲೂ ಸಂದು. ದಿನವೂ ಬಳಸುವ ಪಾತ್ರೆಯ ಹೊರಮೈಗೆ ಬೂದಿ ಹಚ್ಚಿ, ಅಂಚಿನ ಗಾರೆ ಹಸಿಯಿರುವಾಗಲೇ ಪಾತ್ರೆಯನ್ನು ಅದರಲ್ಲಿ ಕೂರಿಸಿ, ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಎತ್ತಿದರೆ ಅಚ್ಚುಕಟ್ಟಾದ ಕೂರಣೆ ಆಗುತ್ತದೆ. ಬೇರೆ ಬೇರೆ ಅಳತೆಯ ಪಾತ್ರೆ ಬಳಸುವವರು ಬೀಡಿನ (ಎರಕದ ಕಬ್ಬಿಣದ) ಬಳೆಗಳನ್ನು ಮಾಡಿಸಿಕೊಳ್ಳುವುದು ಮೇಲು.

ಮುಂಗೂಡಿನ ಜಾಳಿಯ ಸರಳುಗಳು ಬಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಸರಳುಗಳ ನಡುವೆ ಸುಮಾರು 10 ಮಿಲಿಮೀಟರ್ ಸಂದು ಇರುವ ಬೀಡಿನ ಜಾಳಿ ಹಾಕಿದೆ. ಜಾಳಿಯಿಂದ ಮೊದಲ ಪಾತ್ರೆಯ ತಳಕ್ಕೆ 6 ಇಂಚು, ಕೆಳಗೆ ಬೂದಿಗುಂಡಿ 4 ಇಂಚು. ಗುಂಡಿ ತುಂಬಿದರೆ ಗಾಳಿ ಹೋಗುವುದಿಲ್ಲ, ಜಾಳಿಯೂ ಬೇಗ ಬಾಗುತ್ತದೆ. ದಿನವೂ ಬೂದಿ ತೆಗೆಯಲೇಬೇಕು.

ಗಾರೆಯನ್ನು ನೆರಳಲ್ಲಿ ನಾಲ್ಕೈದು ದಿನ ಒಣಗಲು ಬಿಟ್ಟು, ಕೂದಲೆಳೆ ಬಿರುಕುಗಳಿಗೆ ತೆಳು ಮಣ್ಣು ಬಳಿದು, ಮೊದಲ ದಿನ ದರಕು (ಒಣ ಎಲೆ), ಕಡ್ಡಿಯ ಸಣ್ಣ ಉರಿ ಮಾತ್ರ ಹಾಕಬೇಕು. ಒಮ್ಮೆಲೇ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಗಾರೆಯನ್ನು ಸಿಡಿಸುತ್ತದೆ. ಆಮೇಲೆ ಊದಿನಕಡ್ಡಿಯ ಪರೀಕ್ಷೆ ಮತ್ತೊಮ್ಮೆ. ಒಣ ಕಟ್ಟಿಗೆಯಲ್ಲಿ ಮೊದಲ ಪಾತ್ರೆಯ 3 ಲೀಟರ್ ನೀರು 20 ನಿಮಿಷದ ಆಸುಪಾಸಿನಲ್ಲಿ ಕುದಿ ಬಂದು, ಅದರ ಬೆನ್ನಿಗೇ ಎರಡನೆಯದೂ ಕುದಿದು, ಮೂರನೆಯದು ಕೈ ಅದ್ದಲಾಗದಷ್ಟು ಬಿಸಿಯಾದರೆ ಒಲೆ ಸರಿಯಾಗಿದೆ ಎಂದರ್ಥ.

ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಖರ್ಚು ಮಾಡುವುದು ಒಳ್ಳೆಯದು. ಉಪ್ಪುಗಾಳಿಗೆ ತಗಡು ಬಾಳುವುದಿಲ್ಲ. ಗೇರು ಕಾರ್ಖಾನೆಯ ಸಿಪ್ಪೆಯನ್ನು ಈ ಒಲೆಗೆ ಹಾಕಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕೊಳವೆಯೊಳಗೆ ಅಂಟಾಗಿ ಕೂರುತ್ತದೆ. ಘಟ್ಟದ ಮೇಲೆ ಬೆಟ್ಟದಿಂದ ತಂದ ಕಟ್ಟಿಗೆಯನ್ನು ಶಿವರಾತ್ರಿಯೊಳಗೆ ಸೀಳಿ, ಮಳೆ ಹಿಡಿಯುವ ತನಕ ಬಿಸಿಲಲ್ಲಿಟ್ಟು, ಆಮೇಲೆ ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಕು. ಆಷಾಢದಲ್ಲಿ ಕೊಳವೆ ತಣ್ಣಗಾಗಿ ಹೊಗೆ ಏಳದಿದ್ದರೆ, ಟಿ ತುಂಡಿನ ಮುಚ್ಚಳ ತೆಗೆದು ಒಣ ಅಡಿಕೆ ಹಾಳೆಯ ಚೂರೊಂದನ್ನು ಅಲ್ಲಿ ಉರಿಸಿ, ಕೊಳವೆ ಬೆಚ್ಚಗಾದ ಮೇಲೆ ಮುಚ್ಚಳ ಹಾಕಿ ಒಲೆ ಹಚ್ಚಿ.